ಸೋತ ಡ್ವಾರ್ಫ್ ರಾಜ ಬಿಟ್ಟು ಹೋಗಿದ್ದೇನು: ಲೌರಿನ್ ಕಥೆ ಇಟ್ಕೊಂಡು ನಾಲ್ಕು ಸಂಜೆಯ ಕ್ಯಾಂಪೇನ್ ಕಟ್ಟೋ ಸಮಗ್ರ ಮಾರ್ಗದರ್ಶಿ

ಬೆಟ್ಟದೊಳಗೆ ಒಬ್ಬ ಡ್ವಾರ್ಫ್ (ಯುರೋಪಿನ ಕಥೆಗಳ ಗಡ್ಡದ ಗಿಡ್ಡ ಜನ) ರಾಜ ಇದ್ದ, ದುರಾಸೆಗೆ ಬಿದ್ದು ಹಾಳಾದ, ಈಗ ಕೊನೇ ರೂಮಲ್ಲಿ ಸಿಂಹಾಸನದ ಮೇಲೆ ಅಸ್ಥಿಪಂಜರ ಕೂತಿದೆ ಪಕ್ಕದಲ್ಲಿ ಚಿನ್ನ ಬಿದ್ದಿದೆ, ಹೊಡೀರಿ, ಎತ್ಕೊಳ್ಳಿ, ಮನೆಗೆ ಹೋಗಿ. ಈ ಥರದ ಕ್ಯಾಂಪೇನನ್ನ, ಅಂದ್ರೆ ಒಬ್ಬರು ಕಥೆ ನಡೆಸಿ ಉಳಿದವರು ಪಾತ್ರ ಆಡೋ ಹಲವು ಸಂಜೆಯ ಟೇಬಲ್ ಆಟಾನ, ನಾನು ಎರಡು ಸಲ ನಡೆಸಿದೀನಿ, ಬೇರೆಯವರ ಟೇಬಲ್ಲಲ್ಲಿ ಮೂರು ಸಲ ಆಡಿದೀನಿ, ಐದರಲ್ಲಿ ಒಂದು ಸಲನೂ ಆಟ ಮುಗಿದ ಮೇಲೆ ರಾಜನ ಹೆಸರು ಯಾರಿಗೂ ನೆನಪಿರ್ಲಿಲ್ಲ. ಮೊದಲನೇ ಸಲ ನಡೆಸಿದಾಗಂತೂ ಹನ್ನೊಂದು ಪೇಜ್ ಇತಿಹಾಸ ಟೈಪ್ ಮಾಡಿ ಪ್ರಿಂಟ್ ತೆಗೆಸಿ ಸ್ಟೇಪಲ್ ಹೊಡೆದು ಕೊಟ್ಟಿದ್ದೆ, ಒಬ್ಬ ಅದರ ಮೇಲೆ ಟೀ ಲೋಟ ಇಟ್ಟ, ಇನ್ನೊಬ್ಬಳು ಹಿಂದ್ಗಡೆ ಸ್ಕೋರ್ ಬರ್ಕೊಂಡ್ಳು, ಅಲ್ಲಿಗೆ ನನ್ನ ಇತಿಹಾಸ ಮುಗೀತು.

ಆಮೇಲೆ ಗೊತ್ತಾಗಿದ್ದು ಏನಂದ್ರೆ, ರಾಜ ಹೇಗೆ ಬಿದ್ದ ಅನ್ನೋದನ್ನ ಆಟಗಾರರು ಓದಲ್ಲ. ಆದ್ರೆ ರಾಜ ಬಿದ್ದು ಇನ್ನೂರು ವರ್ಷ ಆದ್ಮೇಲೂ ಅವನ ಮಾತು ಇವತ್ತು ಯಾರ ಮೇಲೆ ನಡೀತಾ ಇದೆ, ಅವನ ಸಾಲವನ್ನ ಯಾರು ತೀರಿಸ್ತಾ ಇದಾರೆ ಅಂತ ಕಣ್ಣೆದುರಿಗೆ ತಂದ್ರೆ ಕೂತ ಜಾಗದಿಂದ ಏಳಲ್ಲ. ಈ ಗೈಡ್ ಪೂರ್ತಿ ಅದನ್ನ ತರೋದು ಹೇಗೆ ಅಂತ.

ಯಾರಿಗೆ ಇದು: ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಡೈಸ್ ಉರುಳಿಸ್ತಾ ಪಾತ್ರ ಆಡೋ ಆಟ) ಫಿಫ್ತ್ ಎಡಿಷನ್ ಸ್ವಲ್ಪನಾದ್ರೂ ಆಡಿರೋರಿಗೆ, ನಾಲ್ಕೈದು ಜನ ಆಟಗಾರರು, ಲೆವೆಲ್ 3ರ ಪಾತ್ರಗಳು, ಒಟ್ಟು ನಾಲ್ಕು ಸಂಜೆ. ಪುಸ್ತಕ ಕೊಳ್ಳಲೇಬೇಕು ಅಂತಿಲ್ಲ, 2023ರಿಂದ ಅದರ ಮೂಲ ನಿಯಮಗಳ ಪಿಡಿಎಫ್ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಲ್ಲಿ ಫ್ರೀಯಾಗಿ ಸಿಗತ್ತೆ, ಇಲ್ಲಿ ಹೇಳಿರೋ ಪ್ರಾಣಿ ಗೀಣಿ ಎಲ್ಲಾ ಅದರಲ್ಲೇ ಇದೆ.

ಇನ್ನೊಂದು ಮಾತು, ನಾನು ಡ್ವಾರ್ಫ್ ಅಂತ್ಲೇ ಬರೀತೀನಿ. ಕುಳ್ಳ ಅಂದ್ರೆ ನಮ್ಮ ಕಡೆ ಬೈದ ಹಾಗಾಗತ್ತೆ, ಕುಬ್ಜ ಅಂದ ತಕ್ಷಣ ಟೇಬಲ್ಲಲ್ಲಿ ಎಲ್ರಿಗೂ ಮಂಥರೆ ನೆನಪಾಗ್ತಾಳೆ. ಹತ್ರದ ಸಂಬಂಧಿ ಅಂದ್ರೆ ಯಕ್ಷ, ನಿಧಿ ಕಾಯೋ ಜಾತಿ, ಆದ್ರೆ ಯಕ್ಷ ಅಂದ್ರೆ ಗಡ್ಡ ಬಿಟ್ಕೊಂಡು ಸುತ್ತಿಗೆ ಹಿಡಿದೋನು ಕಣ್ಮುಂದೆ ಬರಲ್ಲ.

ಹೆಜ್ಜೆ 1: ಹೊಸ ರಾಜನ್ನ ಹುಟ್ಟಿಸ್ಬೇಡಿ, ಇರೋನನ್ನ ತಗೊಳ್ಳಿ

ಸೊನ್ನೆಯಿಂದ ಕಥೆ ಕಟ್ಟೋ ಉಸಾಬರಿ ಬೇಡ. ಆಲ್ಪ್ಸ್ ಬೆಟ್ಟಗಳ ದಕ್ಷಿಣ ಭಾಗದಲ್ಲಿ, ಈಗಿನ ಇಟಲಿಯ ಉತ್ತರ ತುದಿಯಲ್ಲಿ, ಟಿರೋಲ್ ಸೀಮೆಯಲ್ಲಿ ಒಬ್ಬ ಡ್ವಾರ್ಫ್ ರಾಜ ಇದಾನೆ, ಲೌರಿನ್ ಅಂತ. 13ನೇ ಶತಮಾನದ ಹಳೇ ಜರ್ಮನ್ ಕಾವ್ಯದಲ್ಲಿ ಬರ್ತಾನೆ, ಬರೆದೋರು ಯಾರು ಅಂತ ಹೆಸರಿಲ್ಲ. ಚಿಕ್ಕದಾಗಿ ಹೇಳ್ತೀನಿ ಕೇಳಿ.

ಲೌರಿನ್‌ಗೆ ಬೆಟ್ಟದ ಮೇಲೆ ಒಂದು ಗುಲಾಬಿ ತೋಟ ಇತ್ತು. ಅದಕ್ಕೆ ಗೋಡೆ ಇಲ್ಲ, ಮುಳ್ಳುಬೇಲಿ ಇಲ್ಲ, ಸುತ್ತ ಒಂದೇ ಒಂದು ರೇಷ್ಮೆ ನೂಲು. ಆ ನೂಲು ದಾಟಿ ಹೂ ತುಳಿದೋರಿಗೆ ಶಿಕ್ಷೆ, ಬಲಗೈ ಮತ್ತು ಎಡಗಾಲು. ಅವನ ಹತ್ರ ಹನ್ನೆರಡು ಗಂಡಸರ ಬಲ ಕೊಡೋ ಒಂದು ಸೊಂಟಪಟ್ಟಿ, ಹಾಕ್ಕೊಂಡ್ರೆ ಕಾಣದೇ ಹೋಗೋ ಒಂದು ಮಾಯದ ಹೊದಿಕೆ. ಬರ್ನ್ ಊರಿನ ಡೀಟ್ರಿಶ್ ಅನ್ನೋ ವೀರ ಜೊತೆಗಾರ ವಿಟೆಗೆನ ಕರ್ಕೊಂಡು ಬಂದು ತೋಟ ತುಳಿದು ಹಾಳು ಮಾಡ್ದ. ಬರ್ನ್ ಅಂದ್ರೆ ಸ್ವಿಟ್ಜರ್ಲೆಂಡಿಂದಲ್ಲ, ಇಟಲಿಯ ವೆರೋನಾ, ಡೀಟ್ರಿಶ್ ಅನ್ನೋ ಪಾತ್ರದ ಹಿಂದೆ ಇರೋದು ಥಿಯೊಡೊರಿಕ್ ಅನ್ನೋ ನಿಜವಾದ ಗಾಥ್ ರಾಜ. ಜಗಳ ಆಯ್ತು, ಡೀಟ್ರಿಶ್ ಆ ಸೊಂಟಪಟ್ಟಿ ಕಿತ್ತು ಲೌರಿನ್‌ನ ಸೋಲಿಸ್ದ. ಲೌರಿನ್ ರಾಜಿ ಮಾಡ್ಕೊಂಡು ಎಲ್ಲರನ್ನೂ ಬೆಟ್ಟದೊಳಗೆ ಊಟಕ್ಕೆ ಕರೆದ, ಅಲ್ಲಿ ಮೋಸದಿಂದ ಸೆರೆಗೆ ಹಾಕ್ದ. ಒಳಗೆ ಕ್ಯೂನ್‌ಹಿಲ್ಡ್ ಅಂತ ಒಬ್ಬಳಿದ್ಲು, ಲೌರಿನ್ ಅವಳನ್ನ ಎತ್ತಾಕ್ಕೊಂಡು ಬಂದಿದ್ದ, ಸೆರೆ ಬಿಡಿಸೋಕೆ ನೆರವಾಗಿದ್ದು ಅವಳೇ. ಕೊನೆಗೆ ಡ್ವಾರ್ಫ್‌ಗಳು ಸೋತ್ರು, ರಾಜನ್ನ ಬರ್ನ್‌ಗೆ ಎಳ್ಕೊಂಡು ಹೋದ್ರು, ಅಲ್ಲಿ ಅವನನ್ನ ಆಸ್ಥಾನದ ವಿದೂಷಕನ್ನ ಮಾಡಿದ್ರು ಅಂತ ಕಾವ್ಯದ ಒಂದು ಪ್ರತಿ ಹೇಳತ್ತೆ, ಬ್ಯಾಪ್ಟಿಸಂ (ಕ್ರೈಸ್ತ ದೀಕ್ಷೆ) ತಗೊಂಡು ಸ್ನೇಹಿತ ಆದ ಅಂತ ಇನ್ನೊಂದು ಪ್ರತಿ.

ಆಮೇಲಿನ ಜನಪದ ಕಥೆಯಲ್ಲಿ ಇದಕ್ಕೊಂದು ಬಾಲ ಸೇರ್ಕೊಳ್ತು, ನಮಗೆ ಬೇಕಾಗಿರೋದು ಆ ಬಾಲಾನೇ. ಸೋತು ಹೋಗ್ತಾ ಲೌರಿನ್ ತನ್ನ ತೋಟಕ್ಕೆ ಶಾಪ ಹಾಕ್ದ, ನೀನು ಹಗಲಲ್ಲೂ ಯಾರ ಕಣ್ಣಿಗೂ ಬೀಳ್ಬಾರ್ದು, ರಾತ್ರೀಲೂ ಬೀಳ್ಬಾರ್ದು ಅಂತ. ಮುಸ್ಸಂಜೆ ಮರೆತುಬಿಟ್ಟ. ಅದಕ್ಕೇ ಇವತ್ತಿಗೂ ಬೋಲ್ಜಾನೋ ಊರಿಂದ ನೋಡಿದ್ರೆ ಸೂರ್ಯ ಮುಳುಗೋ ಹೊತ್ತಲ್ಲಿ ಆ ಬಿಳೀ ಬೆಟ್ಟ ಗುಲಾಬಿ ಬಣ್ಣಕ್ಕೆ ತಿರುಗತ್ತೆ. ಬೆಟ್ಟದ ಜರ್ಮನ್ ಹೆಸರೇ ರೋಸೆನ್‌ಗಾರ್ಟೆನ್, ಗುಲಾಬಿ ತೋಟ, ಇಟಾಲಿಯನ್ನಲ್ಲಿ ಕತಿನಾಚ್ಚೊ, ಆ ಬಣ್ಣ ಬರೋದಕ್ಕೆ ಅಲ್ಲಿನ ಲಾಡಿನ್ ಭಾಷೆಯಲ್ಲಿ ಎನ್ರೊಸದೀರಾ ಅಂತಾರೆ.

ಹೆಜ್ಜೆ 2: ಶಾಪದ ಬಿರುಕನ್ನ ಒಗಟು ಮಾಡ್ಬೇಡಿ, ಗಡಿಯಾರ ಮಾಡಿ

ಇಲ್ಲಿ ನಾನು ಮುಗ್ಗರಿಸಿದೀನಿ. ಹಗಲೂ ಅಲ್ಲ ರಾತ್ರೀನೂ ಅಲ್ಲ ಅನ್ನೋದನ್ನ ದೊಡ್ಡ ಒಗಟು ಅಂದ್ಕೊಂಡು ಮೂರು ಸುಳಿವು ರೆಡಿ ಮಾಡಿ, ಒಬ್ಬ ಮುದುಕ ಕುರುಬನ ಪಾತ್ರ ಬರೆದು, ಅವನಿಗೊಂದು ಹಾಡು ಬರೆದು ಕೂತಿದ್ದೆ. ಶಾಪದ ಸಾಲು ಓದಿ ಮುಗಿಸಿರ್ಲಿಲ್ಲ, ರೋಗ್ (ಕಳ್ಳನ ಥರದ ಪಾತ್ರ) ಆಡೋಳು ಚುರುಮುರಿ ಬಾಯಲ್ಲಿಟ್ಕೊಂಡೇ "ಹಿರಣ್ಯಕಶಿಪು ಕೇಸು ಕಣೋ, ಸಂಜೆ ಹೋಗೋಣ ನಡಿ" ಅಂದ್ಬಿಟ್ಳು. ನಾಲ್ಕು ಸೆಕೆಂಡಲ್ಲಿ ಸುಳಿವು, ಕುರುಬ, ಹಾಡು ಮೂರೂ ಗೋವಿಂದ. ಪ್ರಹ್ಲಾದನ ಕಥೆ ಕೇಳಿ ಬೆಳೆದೋರ ಮುಂದೆ ಈ ಒಗಟು ನಡೆಯಲ್ಲ, ಹೊಸ್ತಿಲ ಮೇಲೆ ಕೂತ ನರಸಿಂಹ ನಮಗೆ ಎಲ್ಲಾ ಲೂಪ್‌ಹೋಲೂ ಹೇಳ್ಕೊಟ್ಟುಬಿಟ್ಟಿದಾನೆ.

ಹಂಗಾಗಿ ಉತ್ತರಾನ ಮೊದಲ ಸಂಜೆಯೇ ನೀವೇ ಕೊಟ್ಬಿಡಿ. ಯಾವಾಗ ಹೋಗ್ಬೇಕು ಅನ್ನೋದು ಎಲ್ರಿಗೂ ಗೊತ್ತು, ಮುಸ್ಸಂಜೆ ಎಷ್ಟು ಹೊತ್ತು ಇರತ್ತೆ ಅನ್ನೋದೇ ಕಷ್ಟ. ಆಟದಲ್ಲಿ ಅರ್ಧ ಗಂಟೆ ಅಂತಿಟ್ಕೊಳ್ಳಿ. ಈಗ ಫಿಫ್ತ್ ಎಡಿಷನ್ ನಿಯಮದ ಜೊತೆ ಇದನ್ನ ಸೇರಿಸಿ ನೋಡಿ: ಶಾರ್ಟ್ ರೆಸ್ಟ್ ಅನ್ನೋ ಚಿಕ್ಕ ವಿಶ್ರಾಂತಿಗೆ ಒಂದು ಗಂಟೆ ಬೇಕು, ಮುಸ್ಸಂಜೆ ಅರ್ಧ ಗಂಟೆ, ಅಂದ್ರೆ ತೋಟದೊಳಗೆ ಕೂತು ಸುಧಾರಿಸ್ಕೊಳ್ಳೋ ಮಾತೇ ಇಲ್ಲ. ಇದೊಂದೇ ಸಾಲು ಇಡೀ ಕ್ಯಾಂಪೇನಿನ ಬಿಸಿ ಏರ್ಸತ್ತೆ, ಆ ರೆಸ್ಟನ್ನೇ ನಂಬಿರೋ ವಾರ್ಲಾಕ್ ಅನ್ನೋ ಮಾಂತ್ರಿಕನ ಪಾತ್ರ ಆಡೋರು ಅಳ್ತಾರೆ, ಅಳ್ಳಿ ಬಿಡಿ.

ಆದ್ರೆ ಯುದ್ಧದಿಂದ ಹೊತ್ತು ಕಳೆಯತ್ತೆ ಅಂದ್ಕೋಬೇಡಿ. ಒಂದು ರೌಂಡ್ ಅಂದ್ರೆ ಆರು ಸೆಕೆಂಡ್, ಅರ್ಧ ಗಂಟೇಲಿ ಮುನ್ನೂರು ರೌಂಡ್ ಆಗತ್ತೆ, ಯಾರೂ ಅಷ್ಟು ಹೊಡೆದಾಡಲ್ಲ. ಹೊತ್ತು ತಿನ್ನೋದು ಹುಡುಕಾಟ, ಮಾತು, ಬೀಗ ಬಿಚ್ಚೋದು. ಅದಕ್ಕೆ ಅರ್ಧ ಗಂಟೇನ ಐದೈದು ನಿಮಿಷದ ಆರು ತುಂಡು ಮಾಡಿ, ಟೇಬಲ್ ಮೇಲೆ ಆರು ಬೆಂಕಿಕಡ್ಡಿ ಇಡಿ, ಒಂದು ರೂಮ್ ಜಾಲಾಡಿದ್ರೆ ಒಂದು ಕಡ್ಡಿ, ಒಬ್ಬರ ಜೊತೆ ನೆಟ್ಟಗೆ ಮಾತಾಡಿದ್ರೆ ಒಂದು ಕಡ್ಡಿ.

ಇನ್ನೂ ಮಜಾ ಬೇಕು ಅಂದ್ರೆ ಅಗರಬತ್ತಿ ಹಚ್ಚಿ. ನಿಜವಾಗ್ಲೂ. ಸಾಮಾನ್ಯ ಊದುಬತ್ತಿ ಅರ್ಧ ಗಂಟೆ ಆಸುಪಾಸು ಉರಿಯತ್ತೆ, ಬ್ರ್ಯಾಂಡ್ ಮೇಲೆ ಹೆಚ್ಚುಕಮ್ಮಿ ಇರತ್ತೆ, ಅದಕ್ಕೆ ಹಿಂದಿನ ದಿನ ಒಂದು ಹಚ್ಚಿ ಫೋನಲ್ಲಿ ಟೈಮ್ ನೋಡಿಟ್ಕೊಳ್ಳಿ. ಬತ್ತಿ ಬೂದಿ ಆಗೋವರೆಗೂ ತೋಟ ಇರತ್ತೆ, ಆಮೇಲೆ ಇಲ್ಲ, ಮಾತು ಎಳೆದಷ್ಟೂ ಬತ್ತಿ ಇಳಿಯತ್ತೆ. ಒಂದು ಎಚ್ಚರಿಕೆ: ಫ್ಯಾನ್ ಆಫ್ ಮಾಡಿ. ನಾನು ಮರೆತಿದ್ದೆ, ಗಾಳಿಗೆ ಬತ್ತಿ ದಡದಡ ಉರಿದು ಮುಸ್ಸಂಜೆ ಬೇಗ ಮುಗಿದುಹೋಯ್ತು, ಆ ಜಗಳ ಇನ್ನೂ ನಡೀತಾ ಇದೆ.

ಹೊತ್ತು ಮೀರಿ ಒಳಗೇ ಉಳಿದವರು ಸಾಯಲ್ಲ. ಶಾಪದ ಮಾತಿನ ಪ್ರಕಾರ ಅವರೂ ಯಾರ ಕಣ್ಣಿಗೂ ಬೀಳಲ್ಲ, ಅಷ್ಟೇ, ಮುಂದಿನ ಸಂಧಿಕಾಲದವರೆಗೆ. ಸಂಧಿಕಾಲ ಅಂದೆ ಯಾಕಂದ್ರೆ ದಿನಕ್ಕೆ ಅದು ಎರಡು ಸಲ ಬರತ್ತೆ, ಬೆಳಗಿನ ಜಾವದಲ್ಲೂ ಆ ಬೆಟ್ಟ ಕೆಂಪಾಗತ್ತೆ. ಇದನ್ನ ನೀವು ಹೇಳ್ಬೇಡಿ. ಆಟಗಾರರು ತಾವೇ ಕಂಡ್ಕೊಂಡ್ರೆ ಆ ಖುಷಿ ಅವರದ್ದು.

ಹೆಜ್ಜೆ 3: ಆಸ್ತಿಗೆ ಹಕ್ಕುದಾರರನ್ನ ಕೂರ್ಸಿ

ಹಳ್ಳೀಲಿ ಹಿರಿಯರೊಬ್ರು ತೀರ್ಕೊಂಡ್ರೆ ಹದಿಮೂರನೇ ದಿನಕ್ಕೆ ಪಾಲಿನ ಮಾತು ಶುರುವಾಗತ್ತೆ. ರಾಜನ ಪರಂಪರೆನೂ ಹಾಗೇನೇ, ಅಸ್ಥಿಪಂಜರಕ್ಕಿಂತ ದಾಯಾದಿಗಳು ಭಯಂಕರ.

ಲೌರಿನ್ ಕಥೆಯಲ್ಲೇ ಇದಕ್ಕೊಂದು ನಿಜವಾದ ಉದಾಹರಣೆ ಇದೆ. ಬೋಲ್ಜಾನೋದಲ್ಲಿ 1907ರಲ್ಲಿ ಒಂದು ಕಾರಂಜಿ ಕಟ್ಟಿದ್ರು, ಕಲ್ಲಿನ ಡೀಟ್ರಿಶ್ ಕಲ್ಲಿನ ಲೌರಿನ್‌ನ ಅದುಮಿ ಹಿಡಿದಿರೋ ಶಿಲ್ಪ. ಆಗ ಆ ಸೀಮೆ ಆಸ್ಟ್ರಿಯಾದ ಕೈಲಿತ್ತು. ಮೊದಲ ಮಹಾಯುದ್ಧ ಆದ್ಮೇಲೆ ಇಟಲಿಗೆ ಹೋಯ್ತು, ಫ್ಯಾಸಿಸ್ಟರ ಕಾಲ ಬಂತು, ಜರ್ಮನ್ ವೀರ ಯಾರನ್ನೋ ತುಳೀತಿರೋ ಶಿಲ್ಪ ಅವರ ಕಣ್ಣಿಗೆ ಚುಚ್ಚಿತು, 1930ರ ದಶಕದಲ್ಲಿ ಅದನ್ನ ತೆಗೆದು ರೊವೆರೆತೊ ಊರಿಗೆ ಸಾಗಿಸಿದ್ರು, ಮತ್ತೆ ಬೋಲ್ಜಾನೋಗೆ ವಾಪಸ್ ಬಂದಿದ್ದು 1990ರ ದಶಕದಲ್ಲಿ. ಕಥೇಲಿ ಮಾತ್ರ ಇರೋ ಒಬ್ಬ ಡ್ವಾರ್ಫ್ ಸೋತ ವಿಷಯಕ್ಕೆ ಎರಡು ಭಾಷೆಯ ಜನ ಇಪ್ಪತ್ತನೇ ಶತಮಾನದಲ್ಲಿ ಕಿತ್ತಾಡಿದ್ರು ಅಂದ್ರೆ, ನಿಮ್ಮ ಫ್ಯಾಂಟಸಿ ಲೋಕದಲ್ಲಿ ಅವನ ಸ್ವಂತ ಮೊಮ್ಮಕ್ಕಳು ಸುಮ್ನೆ ಇರ್ತಾರಾ?

ನಾನು ಮೂರು ಗುಂಪು ಇಟ್ಕೊಂಡೆ. ಬೆಟ್ಟದ ಬುಡದ ಕೇರಿಯಲ್ಲಿರೋ ಡ್ವಾರ್ಫ್ ಮನೆತನಗಳು, ಅವರಿಗೆ ತೋಟ ಬೇಕಾಗಿಲ್ಲ, ಬೇರೇನೋ ಬೇಕು, ಅದನ್ನ ಮುಂದಿನ ಹೆಜ್ಜೇಲಿ ಹೇಳ್ತೀನಿ. ಬರ್ನ್‌ನ ಅರಮನೆ, ಅವರಿಗೆ ಪ್ರತಿ ವರ್ಷ ವಿಜಯೋತ್ಸವ ಮಾಡೋಕೆ ಲೌರಿನ್‌ನ ಹೊದಿಕೆ ಬೇಕು, ಆಟಗಾರರಿಗೆ ದುಡ್ಡು ಕೊಟ್ಟು ಕಳಿಸೋದೂ ಅವರೇ. ಮೂರನೆಯದು ಕ್ಯೂನ್‌ಹಿಲ್ಡ್‌ಳ ಕಡೆಯವರು. ಇದರ ಬಗ್ಗೆ ಸ್ವಲ್ಪ ಜಾಗ್ರತೆ: ಹೆಣ್ಣನ್ನ ಎತ್ತಾಕ್ಕೊಂಡು ಬಂದ ಭಾಗ ಮೂಲ ಕಥೆಯಲ್ಲಿ ಇದೆ, ಆಟ ಶುರು ಮಾಡೋ ಮುಂಚೆಯೇ ಟೇಬಲ್ಲಲ್ಲಿ ಎಲ್ರನ್ನೂ ಕೇಳಿ, ಯಾರಿಗಾದ್ರೂ ಇರುಸುಮುರುಸು ಅಂದ್ರೆ ಆ ಎಳೇನ ತೆಗೆದುಬಿಡಿ, ಕಾರಣ ಕೇಳೋಕೆ ಹೋಗ್ಬೇಡಿ. ಇಟ್ಕೊಂಡ್ರೆ ಅವಳನ್ನ ಬರೀ ಬಲಿಪಶು ಮಾಡ್ಬೇಡಿ. ನಮ್ಮ ಟೇಬಲ್ಲಲ್ಲಿ ಅವಳು ಬರೆದಿಟ್ಟ ಒಂದು ಲೆಕ್ಕದ ಪುಸ್ತಕ ಸಿಗತ್ತೆ, ಒಳಗೆ ಏನು ಬಂತು ಏನು ಹೋಯ್ತು, ಯಾರಿಗೆ ಎಷ್ಟು ಕೂಲಿ ಬಾಕಿ ಅಂತ ದಿನಾ ಬರೆದಿದಾಳೆ, ರಾಜನ ಬಗ್ಗೆ ಹಾಡುಗಳು ಹೇಳೋ ಸುಳ್ಳನ್ನೆಲ್ಲಾ ಆ ಪುಸ್ತಕ ಒಂದೊಂದಾಗಿ ಹೊಡೆದುಹಾಕತ್ತೆ.

ಪಾತ್ರ ಮಾಡೋವಾಗ್ಲೇ ಪ್ರತಿ ಆಟಗಾರರಿಗೂ ಈ ಮೂರರಲ್ಲಿ ಒಂದರ ಜೊತೆ ಋಣ ಕಟ್ಟಿ. ಉಂಡ ಅನ್ನದ ಋಣ, ಸಾಲ, ಮದುವೆ ಸಂಬಂಧ, ಏನಾದ್ರೂ. ಒಂದೇ ಸಾಲು ಸಾಕು.

ಹೆಜ್ಜೆ 4: ಸೊಂಟಪಟ್ಟಿ, ಇಡೀ ಕ್ಯಾಂಪೇನಿನ ಜೀವ

ಹನ್ನೆರಡು ಗಂಡಸರ ಬಲ ಕೊಡೋ ಪಟ್ಟಿ ಅಂತ ಕಾವ್ಯ ಹೇಳತ್ತೆ. ನಾನು ಕೇಳ್ಕೊಂಡಿದ್ದು ಒಂದೇ ಪ್ರಶ್ನೆ, ಯಾವ ಹನ್ನೆರಡು ಗಂಡಸರು? ಆ ಬಲ ಎಲ್ಲಿಂದ ಬಂತು?

ಕಾವ್ಯದಲ್ಲಿ ಇದಕ್ಕೆ ಉತ್ತರ ಇಲ್ಲ, ನಾನೇ ಕಟ್ಟಿದ್ದು. ಪಟ್ಟಿ ತೊಗಲಿಂದು, ಮೇಲೆ ಹನ್ನೆರಡು ಬೆಳ್ಳಿ ಗುಬುಟು. ಒಂದೊಂದು ಗುಬುಟೂ ಕೇರಿಯ ಒಂದೊಂದು ಮನೆತನದ್ದು. ತೋಟ ಕಾಯೋಕೆ ಅಂತ ಆ ಹನ್ನೆರಡು ಮನೆಯ ಹಿರಿಯರು ರಾಜನಿಗೆ ತಮ್ಮ ತೋಳಿನ ಬಲ ಕಡ ಕೊಟ್ರು, ರಾಜ ಸೋತ, ಪಟ್ಟಿ ಕಿತ್ತು ಎಲ್ಲೋ ಬಿತ್ತು, ಕಡ ವಾಪಸ್ ಬರ್ಲೇ ಇಲ್ಲ. ಇನ್ನೂರು ವರ್ಷದಿಂದ ಆ ಹನ್ನೆರಡು ಮನೇಲಿ ಹುಟ್ಟೋ ಮಕ್ಕಳಿಗೆ ಕೈಲಿ ಕಸುವಿಲ್ಲ, ಸುತ್ತಿಗೆ ಎತ್ತಕ್ಕಾಗದ ಡ್ವಾರ್ಫ್‌ಗಳು. ಅವರಿಗೆ ಬೇಕಾಗಿರೋದು ಆ ಬಲ.

ನಿಯಮ ಹೀಗಿಡಿ. ಪಟ್ಟಿ ಕಟ್ಕೊಂಡೋರು ಒಂದು ಗುಬುಟು ಒತ್ತಿದ್ರೆ ಒಂದು ಸ್ಟ್ರೆಂತ್ ಚೆಕ್ (ಬಲದ ಪರೀಕ್ಷೆ), ಸೇವ್ (ಅಪಾಯ ತಡೆಯೋ ಪರೀಕ್ಷೆ) ಅಥವಾ ಒಂದು ಹೊಡೆತದ ಡ್ಯಾಮೇಜ್‌ಗೆ ಒಂದು ಡಿ12 (ಹನ್ನೆರಡು ಮುಖದ ಡೈಸ್) ಸೇರ್ಸ್ಬೋದು. ದಿನಕ್ಕೆ ಪ್ರತಿ ಗುಬುಟೂ ಒಂದೇ ಸಲ. ಡೈಸ್ ಉರುಳಿದ ಕ್ಷಣವೇ ಕೇರೀಲಿ ಆ ಮನೆತನದ ಒಬ್ಬರು ಮುಂದಿನ ಸೂರ್ಯಾಸ್ತದವರೆಗೆ ನೆಲ ಹಿಡೀತಾರೆ. ಪಟ್ಟಿಯನ್ನ ಎರಡನೇ ಸಂಜೆ ಕೈಗೆ ಕೊಡಿ. ಕೇರೀಲಿ ಜನ ನೆಲ ಹಿಡಿಯೋ ವಿಷಯ ಮಾತ್ರ ಹೇಳ್ಬೇಡಿ, ತೋರ್ಸಿ.

ನಮ್ಮಲ್ಲಿ ಆಗಿದ್ದು ಹೇಳ್ತೀನಿ. ಮೊದಲ ಸಂಜೆ ಕೇರಿಯ ಒಬ್ಬ ಅಜ್ಜಿ ಇವರನ್ನ ಒಲೆ ಮುಂದೆ ಕೂರ್ಸ್ಕೊಂಡು ಗಂಜಿ ಬಡಿಸಿದ್ಲು, ಕಬ್ಬಿಣದ ದೊಡ್ಡ ಹಂಡೆ, ಅದರ ಮುಚ್ಚಳ ಎತ್ತೋಕೆ ಎರಡೂ ಕೈ ಹಾಕ್ತಿದ್ಲು, ಆಟಗಾರರು ಇದನ್ನ ಸುಮ್ನೆ ವರ್ಣನೆ ಅಂದ್ಕೊಂಡ್ರು. ಎರಡನೇ ಸಂಜೆ ಪ್ಯಾಲಡಿನ್ (ಧರ್ಮಯೋಧನ ಪಾತ್ರ) ಆಡೋನು ಒಂದು ಕಲ್ಲಿನ ಬಾಗಿಲು ಎತ್ತೋಕೆ ಟಪಟಪ ಮೂರು ಗುಬುಟು ಒತ್ತಿ ಮೂರು ಡಿ12 ಉರುಳಿಸ್ದ, ಎಲ್ಲಾ ಚಪ್ಪಾಳೆ ಹೊಡೆದ್ರು. ಕೇರಿಗೆ ವಾಪಸ್ ಬಂದ್ರೆ ಒಲೆ ಆರಿದೆ, ಹಂಡೆ ಮುಚ್ಚಿದೆ, ಅಜ್ಜಿ ಪಕ್ಕದಲ್ಲೇ ನೆಲದ ಮೇಲೆ ಒರಗಿದಾಳೆ, ಮುಚ್ಚಳದ ಹಿಡಿ ಮೇಲೆ ಕೈ ಇದೆ, ಎತ್ತೋಕಾಗಿಲ್ಲ. "ಹಸಿವಾಗಿರ್ಬೇಕು ನಿಮ್ಗೆ, ನೀವೇ ತೆಗೆದು ಬಡಿಸ್ಕೊಳ್ಳಿ ಮಕ್ಳಾ" ಅಂದ್ಲು. ನಾನು ಅಷ್ಟೇ ಹೇಳಿ ಸುಮ್ಮನಾದೆ. ಒಂದು ನಿಮಿಷ ಯಾರೂ ಮಾತಾಡ್ಲಿಲ್ಲ, ಆಮೇಲೆ ಪ್ಯಾಲಡಿನ್ ತನ್ನ ಶೀಟಲ್ಲಿ ಪಟ್ಟಿ ಅಂತ ಬರ್ಕೊಂಡಿದ್ದ ಸಾಲಿನ ಪಕ್ಕ ಪೆನ್ಸಿಲಲ್ಲಿ "ಅಜ್ಜಿ" ಅಂತ ಬರೆದ.

ಹನ್ನೊಂದು ಪೇಜ್ ಇತಿಹಾಸ ಮಾಡದ ಕೆಲಸ ಆ ಮುಚ್ಚಳ ಮಾಡ್ತು.

ಹೆಜ್ಜೆ 5: ಶಾಸನ ಬರೀರಿ

ಆಟಗಾರರ ಕೈಗೆ ಕೊಡೋಕೆ ಒಂದೇ ಒಂದು ಕಾಗದ ಇರ್ಲಿ, ಅರ್ಧ ಪೇಜ್. ಅದಕ್ಕೆ ಬೇರೆ ಎಲ್ಲೂ ಮಾದರಿ ಹುಡುಕ್ಬೇಡಿ, ನಮ್ಮ ದಾನಶಾಸನಗಳ ಅಚ್ಚು ಇದೆಯಲ್ಲ, ಅದನ್ನ ಮೀರಿಸೋ ಹ್ಯಾಂಡೌಟ್ ಇಲ್ಲ. ಮೊದ್ಲು ಸ್ವಸ್ತಿ, ಕೊಟ್ಟೋನ ಹೊಗಳಿಕೆ, ಏನು ಕೊಟ್ಟ, ನಾಲ್ಕು ದಿಕ್ಕಿನ ಎಲ್ಲೆ, ಸಾಕ್ಷಿ, ಕೊನೆಗೆ ಶಾಪ. ದಾನಾನ ಅಳಿದೋನು, ಅಂದ್ರೆ ಕೆಡಿಸ್ದೋನು, ವಾರಣಾಸೀಲಿ ಸಾವಿರ ಕವಿಲೆ (ಹಸು) ಕೊಂದ ಪಾಪಕ್ಕೆ ಹೋಗ್ತಾನೆ, ಅರವತ್ತು ಸಾವಿರ ವರ್ಷ ಹೇಸಿಗೇಲಿ ಹುಳ ಆಗ್ತಾನೆ ಅಂತೆಲ್ಲಾ ಕಲ್ಲಲ್ಲಿ ಕೊರೆಸಿದ ಜನ ನಮ್ಮೋರು, ಶಾಪದ ವಿಷಯದಲ್ಲಿ ಡ್ವಾರ್ಫ್‌ಗಳು ನಮ್ಮ ಹತ್ರ ಪಾಠ ಕಲೀಬೇಕು.

ನಾನು ಕೊಟ್ಟಿದ್ದು ಇದು, ಬೇಕಾದ್ರೆ ಹಾಗೇ ಎತ್ಕೊಳ್ಳಿ:

"ಸ್ವಸ್ತಿ. ಹಗಲಿನೊಡೆಯರಿಗೂ ಇರುಳಿನೊಡೆಯರಿಗೂ ಅರುಹುವುದು. ಬಿಳಿಯ ಬೆಟ್ಟದರಸು ಲೌರಿನನು ತನ್ನ ಹೂದೋಟವನಾರ ಕಣ್ಣಿಗೂ ಬೀಳದಂತೆ ಕಟ್ಟಿದ ಕಟ್ಟಳೆ. ಮೂಡಲು ನೂಲಿನ ಬೇಲಿ, ತೆಂಕಲು ನೀರಿಲ್ಲದ ಹಳ್ಳ, ಪಡುವಲು ನೇಸರಿಳಿವ ಕಲ್ಲು, ಬಡಗಲು ಹನ್ನೆರಡು ಮನೆಯ ಕೇರಿ. ಇದಕೆ ಸಾಕ್ಷಿ ತೋಳ ಕೊಟ್ಟ ಹನ್ನೆರಡು ಮಂದಿ. ಇದನಳಿದವನ ಬಲಗೈಯೆಡಗಾಲು ಬೆಟ್ಟದ ಪಾಲು."

ನೋಡಿ, ಎಲ್ಲೆ ಹೇಳೋ ಸಾಲೇ ಮ್ಯಾಪ್ ಆಯ್ತು, ಸಾಕ್ಷಿ ಸಾಲೇ ಸೊಂಟಪಟ್ಟಿಯ ಸುಳಿವು. ತೋಳ ಕೊಟ್ಟ ಅನ್ನೋ ಎರಡು ಪದಾನ ಯಾರೂ ಮೊದಲನೇ ಓದಲ್ಲಿ ಹಿಡಿಯಲ್ಲ, ಅಜ್ಜಿ ಬಿದ್ದ ಮೇಲೆ ಕಾಗದ ಮತ್ತೆ ಕೈಗೆತ್ಕೊಳ್ತಾರೆ. ಕಾಗದಕ್ಕೆ ಡಿಕಾಕ್ಷನ್ ಬಳಿದು ಒಣಗ್ಸಿದ್ರೆ ಹಳೇದಾಗಿ ಕಾಣತ್ತೆ, ಇದು ಎಲ್ರಿಗೂ ಗೊತ್ತಿರೋದೇ.

ಡ್ವಾರ್ಫ್ ಹೆಸರು ಬೇಕಂದ್ರೆ ಹಳೇ ನಾರ್ಸ್ ಕಾವ್ಯ ವೊಲುಸ್ಪಾದಲ್ಲಿ ಉದ್ದಾನುದ್ದ ಪಟ್ಟಿನೇ ಇದೆ. ನಾರ್ದ್ರಿ, ಸುದ್ರಿ, ಆಸ್ತ್ರಿ, ವೆಸ್ತ್ರಿ ಅನ್ನೋ ನಾಲ್ವರು ಆಕಾಶಾನ ನಾಲ್ಕು ಮೂಲೇಲಿ ಹೊತ್ಕೊಂಡಿದಾರೆ ಅಂತ ಹಳೇ ಐಸ್‌ಲ್ಯಾಂಡಿನ ಕಥೆಗಳು ಹೇಳ್ತವೆ, ನಮ್ಮ ದಿಗ್ಗಜಗಳ ಥರ. ನಾಲ್ಕು ಎಲ್ಲೆಗೆ ನಾಲ್ಕು ಹೆಸರು ಇಟ್ಬಿಡಿ, ಕೆಲಸ ಮುಗೀತು.

ಹೆಜ್ಜೆ 6: ಬೆಟ್ಟ ಹೇಗಿರತ್ತೆ

ಮೂರು ಮಹಡಿ ಸಾಕು, ಮೇಲೆ ತೋಟ, ನಡುವೆ ಹಜಾರ, ಕೆಳಗೆ ಗಣಿ.

ಬೆಟ್ಟದ ಕಲ್ಲು ಡಾಲೊಮೈಟ್, ತಿಳಿ ಬಣ್ಣ, ಅದಕ್ಕೇ ಸಂಜೆ ಬೆಳಕು ಅಷ್ಟು ಚೆನ್ನಾಗಿ ಹಿಡಿಯತ್ತೆ. ಅದು ಕೋಟ್ಯಂತರ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಹುಟ್ಟಿದ ಕಲ್ಲು, 3,000 ಮೀಟರ್ ಎತ್ತರದ ಶಿಖರದ ಸುತ್ತಮುತ್ತ ಕಡಲ ಜೀವಿಗಳ ಪಳೆಯುಳಿಕೆ ಸಿಗತ್ತೆ. ಹಜಾರದ ಗೋಡೇಲಿ ಡ್ವಾರ್ಫ್‌ಗಳು ಶಂಖದ ಗುರುತುಗಳನ್ನ ಹೊಳಪು ಕೊಟ್ಟು ಉಳಿಸ್ಕೊಂಡಿದಾರೆ ಅಂತ ಒಂದು ಸಾಲು ಹೇಳಿ, ಡ್ವಾರ್ಫ್ ಪಾತ್ರಕ್ಕೆ ಸ್ಟೋನ್‌ಕನ್ನಿಂಗ್ (ಕಲ್ಲಿನ ಬಗೆಗಿನ ಜಾಣ್ಮೆ) ಬಳಸೋ ಅವಕಾಶನೂ ಸಿಗತ್ತೆ.

ಗಣಿಗೆ ನಾನು ಮನಸ್ಸಲ್ಲಿ ಇಟ್ಕೊಂಡಿದ್ದು ನಮ್ಮ ಕೆಜಿಎಫ್. ಸಿನಿಮಾದ್ದಲ್ಲ, ನಿಜವಾದ್ದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು, ಅಷ್ಟು ಕೆಳಗೆ ಕಲ್ಲಿನ ಬಿಸಿಯೇ 60 ಡಿಗ್ರಿ ದಾಟ್ತಿತ್ತು, ಮೇಲಿನ ಭಾರಕ್ಕೆ ಬಂಡೆ ತಾನಾಗೇ ಸಿಡಿಯೋದು, ಅದನ್ನ ಅಲ್ಲಿಯವರು ರಾಕ್ ಬರ್ಸ್ಟ್ ಅಂತಿದ್ರು, 2001ರಲ್ಲಿ ಮುಚ್ಚಿದ ಮೇಲೆ ಪಂಪ್ ನಿಂತು ನೀರು ತುಂಬ್ಕೊಳ್ತು. ಪಾಳು ಗಣಿ ಅಂದ್ರೆ ಹೀಗೇ ಇರತ್ತೆ: ಆಳ ಹೋದಷ್ಟೂ ತಣ್ಣಗಾಗಲ್ಲ, ಬಿಸಿಯಾಗತ್ತೆ, ಕಾಲಿಗೆ ನೀರು ಸಿಗತ್ತೆ, ಗೋಡೆ ಪಟ್ ಅನ್ನತ್ತೆ. ಸಿನಿಮಾ ನೋಡಿ ತಣ್ಣನೆ ಗುಹೆ ಬರೀಬೇಡಿ. ಆಳದ ಪ್ರತಿ ಹಂತಕ್ಕೂ ಕಾನ್ಸ್ಟಿಟ್ಯೂಷನ್ (ದೇಹದ ತಾಳಿಕೆ) ಸೇವ್, ಡಿಸಿ (ಮುಟ್ಟಬೇಕಾದ ಅಂಕ) 10ರಿಂದ ಶುರು ಮಾಡಿ 15ಕ್ಕೆ ನಿಲ್ಲಿಸಿ, ತಪ್ಪಿದ್ರೆ ಒಂದು ಲೆವೆಲ್ ಎಕ್ಸಾಶ್ಚನ್ (ಬಳಲಿಕೆ). ಲೋಹದ ಕವಚ ಹಾಕ್ಕೊಂಡೋರಿಗೆ ಡಿಸ್ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಕಮ್ಮಿ ಅಂಕ ತಗೊಳ್ಳೋದು).

ಟ್ರ್ಯಾಪ್ ಬೇಕಂದ್ರೆ ಬಾಣ ಹಾರೋ ಗೋಡೆ ಬಿಡಿ, ಕೋಬಾಲ್ಟ್ ಇಡಿ. ಹಳೇ ಜರ್ಮನ್ ಗಣಿಗಾರರಿಗೆ ಬೆಳ್ಳಿ ಥರ ಕಾಣೋ ಒಂದು ಅದಿರು ಸಿಗ್ತಿತ್ತು, ಕುಲುಮೆಗೆ ಹಾಕಿದ್ರೆ ಬೆಳ್ಳಿ ಬರ್ತಿರ್ಲಿಲ್ಲ, ವಿಷದ ಹೊಗೆ ಬರ್ತಿತ್ತು, ಅದರಲ್ಲಿ ಆರ್ಸೆನಿಕ್ ಇರ್ತಿತ್ತು. ನೆಲದೊಳಗಿನ ಕೋಬೋಲ್ಡ್ ಅನ್ನೋ ಕಿಲಾಡಿ ಭೂತ ಬೆಳ್ಳಿ ಕದ್ದು ಇದನ್ನ ಇಟ್ಟಿದೆ ಅಂತ ಬೈತಿದ್ರು, ಆ ಬೈಗುಳವೇ ಇವತ್ತು ಮೂಲಧಾತುವಿನ ಹೆಸರು. ಗಣೀಲಿ ಒಂದು ಬುಟ್ಟಿ ಹೊಳೆಯೋ ಅದಿರು ಇಡಿ. ಯಾರಾದ್ರೂ ಕರಗಿಸೋಕೆ ಹೋಗೇ ಹೋಗ್ತಾರೆ.

ಎದುರಾಳಿಗೆ ನಿಯಮದ ಪಿಡಿಎಫ್‌ನಲ್ಲಿರೋ ಡುಎರ್ಗಾರ್ ಅನ್ನೋ ಡ್ವಾರ್ಫ್ ಜಾತಿ ತಗೊಳ್ಳಿ, ಚಾಲೆಂಜ್ (ಎದುರಾಳಿ ಎಷ್ಟು ಗಟ್ಟಿ ಅನ್ನೋ ಅಳತೆ) 1, ಕಾಣದೇ ಹೋಗ್ತವೆ, ದೊಡ್ಡದಾಗಿ ಬೆಳೀತವೆ, ಲೌರಿನ್ ಕಾವಲುಗಾರರಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಅವಕ್ಕೆ ಬಿಸಿಲಲ್ಲಿ ಕಣ್ಣು ಸರಿಯಾಗಿ ಕಾಣಲ್ಲ ಅನ್ನೋ ದೌರ್ಬಲ್ಯ ಇದೆ, ಆದ್ರೆ ಮುಸ್ಸಂಜೇಲಿ ಬಿಸಿಲೇ ಇಲ್ವಲ್ಲ. ಪುಸ್ತಕ ಹೇಳೋ ಹಾಗೆ ಕೆಟ್ಟವರನ್ನಾಗಿ ಆಡಿಸ್ಬೇಡಿ, ಪಗಾರ ನಿಂತು ಇನ್ನೂರು ವರ್ಷ ಆದ್ರೂ ಡ್ಯೂಟಿಗೆ ಬರ್ತಿರೋ ವಾಚ್‌ಮನ್‌ಗಳ ಥರ ಆಡಿಸಿ. ಕ್ಯೂನ್‌ಹಿಲ್ಡ್ ಪುಸ್ತಕದಲ್ಲಿ ಅವರ ಕೂಲಿ ಬಾಕಿ ಬರೆದಿರತ್ತೆ, ಅದನ್ನ ಓದಿ ಹೇಳಿದ್ರೆ ಕತ್ತಿ ಇಳಿಸ್ತಾರೆ.

ಹೆಜ್ಜೆ 7: ನಿಧಿಗೆ ತೂಕ ಇರ್ಲಿ

ಚಿಕ್ಕ ಹೆಜ್ಜೆ. ನಿಯಮದ ಪ್ರಕಾರ 50 ನಾಣ್ಯಕ್ಕೆ ಒಂದು ಪೌಂಡ್, ಹತ್ತು ಸಾವಿರ ಚಿನ್ನದ ನಾಣ್ಯ ಅಂದ್ರೆ 200 ಪೌಂಡ್, ಹತ್ರತ್ರ 90 ಕೆಜಿ, ಎರಡು ಸಿಮೆಂಟ್ ಮೂಟೆಗಿಂತ ಹತ್ತು ಕೆಜಿ ಕಮ್ಮಿ. ಬತ್ತಿ ಉರೀತಾ ಇದೆ, ದಾರಿ ಕಡಿದು, ಯಾರು ಹೊರ್ತೀರಿ? ಪಟ್ಟಿ ಗುಬುಟು ಒತ್ತಿ ಹೊರ್ಬೋದು, ಆಗ ಕೇರೀಲಿ ಯಾರು ಬೀಳ್ತಾರೆ ಅಂತ ಈಗ ಗೊತ್ತು. ನೀವು ಏನೂ ಹೇಳ್ಬೇಕಾಗಿಲ್ಲ, ಲೆಕ್ಕ ಕೇಳಿ ಸುಮ್ನೆ ಕೂರಿ.

ಹೆಜ್ಜೆ 8: ನಾಲ್ಕು ಸಂಜೆ

ಮೊದಲನೇದು ಕೇರಿ, ಗಂಜಿ, ಬರ್ನ್‌ನ ದೂತ ಕೊಡೋ ಮುಂಗಡ ದುಡ್ಡು, ಶಾಸನದ ಕಾಗದ, ಕೊನೆಗೆ ದೂರದಿಂದ ಬೆಟ್ಟ ಕೆಂಪಾಗೋದು. ಯುದ್ಧ ಬೇಕೇಬೇಕು ಅನ್ನೋರಿಗೆ ದಾರೀಲಿ ತೋಳ ಬಿಡಿ. ಎರಡನೇದು ತೋಟ ಮತ್ತು ಹಜಾರ, ಒಂದು ಬತ್ತಿ, ಪಟ್ಟಿ ಸಿಗತ್ತೆ, ವಾಪಸ್ ಬಂದಾಗ ಅಜ್ಜಿ. ಮೂರನೇದು ಗಣಿ, ಇದಕ್ಕೆ ಬತ್ತಿ ಬೇಡ, ಬಿಸಿ ಸಾಕು, ತಳದಲ್ಲಿ ಲೆಕ್ಕದ ಪುಸ್ತಕ. ಮೂರು ಸಂಜೇಲಿ ಎಲ್ಲೂ ರಾಜನ ಹೆಣ ಸಿಗ್ಬಾರ್ದು, ಸಿಂಹಾಸನ ಖಾಲಿ ಇರ್ಲಿ, ಆಟಗಾರರೇ ಕೇಳೋವರೆಗೂ ನೀವು ಆ ವಿಷಯ ಎತ್ಬೇಡಿ.

ಯಾಕಂದ್ರೆ ಲೌರಿನ್ ಸೋತ ಅಂತ ಕಾವ್ಯ ಹೇಳತ್ತೆ, ಅದರಲ್ಲಿ ಅವನು ಸಾಯೋದಿಲ್ಲ. ಫಿಫ್ತ್ ಎಡಿಷನ್ ಲೆಕ್ಕದಲ್ಲಿ ಡ್ವಾರ್ಫ್ ಆಯಸ್ಸು ಸುಮಾರು 350 ವರ್ಷ. ನೂರು ವರ್ಷಕ್ಕೆ ರಾಜ ಆದ, ಸೋತು ಇನ್ನೂರು ವರ್ಷ ಆಯ್ತು, ಅಂದ್ರೆ ಮುನ್ನೂರು ಚಿಲ್ಲರೆ ವಯಸ್ಸಿನ ಮುದುಕ ಎಲ್ಲೋ ಬದುಕಿದಾನೆ. ನಾಲ್ಕನೇ ಸಂಜೆ ಬರ್ನ್‌ನ ಅರಮನೆ, ವಿಜಯೋತ್ಸವದ ಊಟ, ಆಟಗಾರರು ಹೊದಿಕೆ ಒಪ್ಪಿಸಿ ಬಾಕಿ ದುಡ್ಡು ತಗೊಳ್ಳೋಕೆ ಬಂದಿದಾರೆ, ನಡುವೆ ಒಬ್ಬ ಬಣ್ಣದ ಟೋಪಿ ಹಾಕ್ಕೊಂಡ ಮುದಿ ಡ್ವಾರ್ಫ್ ಕುಣಿದು ನಗಿಸ್ತಾ ಇದಾನೆ. ಮೊದಲನೇ ಸಂಜೆಯೇ ದೂತನ ಬಾಯಲ್ಲಿ ಈ ವಿದೂಷಕನ ಬಗ್ಗೆ ಒಂದು ಜೋಕ್ ಹೇಳಿಸಿಟ್ಟಿರಿ, ಇಲ್ಲಾಂದ್ರೆ ಮೋಸ ಆಗತ್ತೆ.

ಅವನಿಗೆ ದೊಡ್ಡ ಡೈಲಾಗ್ ಬರೀಬೇಡಿ. ಸೇಡು ತೀರಿಸ್ಕೊಳ್ಳೋ ರಾಜನೂ ಬೇಡ, ಪಶ್ಚಾತ್ತಾಪದಲ್ಲಿ ಅಳೋ ರಾಜನೂ ಬೇಡ, ಎರಡನ್ನೂ ಎಲ್ಲರೂ ನೋಡಿದಾರೆ. ಕುಣೀತಾ ಕುಣೀತಾ ಆಟಗಾರರ ಹತ್ರ ಬರ್ತಾನೆ, ಸೊಂಟಪಟ್ಟಿ ಕಣ್ಣಿಗೆ ಬೀಳತ್ತೆ, ಗುಬುಟು ಎಣಿಸ್ತಾನೆ, ನೀವು ಟೇಬಲ್ ಮೇಲೆ ಬೆರಳಲ್ಲಿ ಒಂದೊಂದಾಗಿ ಹನ್ನೆರಡು ಸಲ ತಟ್ಟಿ. ಆಮೇಲೆ ಎರಡೇ ಪ್ರಶ್ನೆ ಕೇಳ್ತಾನೆ. ಗುಲಾಬಿ ಈ ವರ್ಷ ಬಿಟ್ಟಿತ್ತಾ. ಕೇರೀಲಿ ಎಲ್ಲಾ ಚೆನ್ನಾಗಿದಾರಾ.

ಕಡ ಕೊಟ್ಟ ಬಲ ವಾಪಸ್ ಹೋಗ್ಬೇಕಂದ್ರೆ ಪಡೆದೋನೇ ಗುಬುಟು ಕೀಳ್ಬೇಕು, ಕಿತ್ತರೆ ಶಾಪ ಕಟ್ಟಿದ ಬಲನೂ ಹೋಗತ್ತೆ, ತೋಟ ಹಗಲಲ್ಲೂ ಕಾಣತ್ತೆ, ಬರ್ನ್‌ನೋರು ಮಾರನೇ ದಿನಾನೇ ಕುದುರೆ ಏರ್ತಾರೆ. ಕೀಳದೇ ಇದ್ರೆ ಅಜ್ಜಿ ಹಾಗೇ. ಇಷ್ಟನ್ನ ಲೌರಿನ್ ಬಾಯಲ್ಲಿ ಎರಡು ಸಾಲಲ್ಲಿ ಹೇಳಿಸಿ, ಫ್ಯಾನ್ ಆಫ್ ಮಾಡಿ, ಟೇಬಲ್ ನಡುವೆ ಕೊನೇ ಬತ್ತಿ ಹಚ್ಚಿ, ನಿಮ್ಮ ನೋಟ್ಸ್ ಮುಚ್ಚಿ ಹಿಂದಕ್ಕೆ ಒರಗಿ ಕೂತ್ಕೊಳ್ಳಿ.